ಕೇಳುವ ಹಿರಿತನ

ಕನ್ನಡದಲ್ಲಿ ‘ಕೇಳು’ ಎಂಬ ಪುಟ್ಟ ಮಾತಿಗೆ ಎರಡು ಅರ್ಥಗಳುಂಟು. ಪ್ರಶ್ನೆ ಹಾಕುವುದೂ ಕೇಳುವುದೇ. ಬಂದ ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ನಾಲ್ಕು ಜನರ ಮೇಲ್ವಿಚಾರಣೆ ಪಾಲಿಗೆ ಬಂದ ಕೂಡಲೇ ನಮ್ಮಲ್ಲಿ ಅನೇಕರು ಮೊದಲನೆಯ ಕೆಲಸವನ್ನು ಇಟ್ಟುಕೊಂಡು ಎರಡನೆಯದನ್ನು ಮರೆತುಬಿಡುತ್ತಾರೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಪಾಠ ಮುಗಿಸಿದ ಉಪಾಧ್ಯಾಯರು ‘ಅರ್ಥವಾಯಿತಲ್ಲವೇ?’ ಎನ್ನುತ್ತಾರೆ. ನಲವತ್ತು ಕಂಠಗಳು ‘ಆಯಿತು ಸಾರ್’ ಎಂದು ಕೂಗುತ್ತವೆ. ಕಚೇರಿಯ ಮುಖ್ಯಸ್ಥರು ‘ಸಂಜೆಯೊಳಗೆ ಮುಗಿಯುತ್ತದೆ ತಾನೇ?’ ಎನ್ನುತ್ತಾರೆ, ಗುಮಾಸ್ತರು ತಲೆಯಾಡಿಸುತ್ತಾರೆ. ಮನೆಯ ಯಜಮಾನರು ‘ಈ ಸಂಬಂಧ ಎಲ್ಲರಿಗೂ ಒಪ್ಪಿಗೆ ತಾನೇ?’ ಎನ್ನುತ್ತಾರೆ, ಮಗಳು ನೆಲ ನೋಡುತ್ತಾಳೆ. ಈ ‘ಅಲ್ಲವೇ’, ಈ ‘ತಾನೇ’ ಬಲು ಚಿಕ್ಕ ಮಾತುಗಳು. ಆದರೆ ಪ್ರಶ್ನೆಯ ಬಾಲಕ್ಕೆ ಉತ್ತರವನ್ನೂ ಕಟ್ಟಿ ಕಳುಹಿಸುವ ಶಕ್ತಿ ಅವಕ್ಕಿದೆ. ಕೇಳಿಸಿಕೊಂಡವರಿಗೆ ಅದು ಅಪ್ಪಣೆಯಂತೆಯೇ ತೋರುತ್ತದೆ.

ಇದರಿಂದ ಅಂಥ ನಷ್ಟವೇನು ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 1986ರ ಜನವರಿ 27ರ ರಾತ್ರಿ ನಡೆದ ಒಂದು ದೂರವಾಣಿ ಸಭೆಯ ಕಥೆಯನ್ನು ಹೇಳುತ್ತೇನೆ. ಮರುದಿನ ‘ಚಾಲೆಂಜರ್’ ಎಂಬ ಬಾಹ್ಯಾಕಾಶ ನೌಕೆ ಏಳು ಜನ ಯಾತ್ರಿಕರೊಡನೆ ಫ್ಲಾರಿಡಾದಿಂದ ಹಾರಬೇಕಾಗಿತ್ತು. ಅವರಲ್ಲಿ ಒಬ್ಬಾಕೆ ಶಾಲೆಯ ಉಪಾಧ್ಯಾಯಿನಿ. ನೌಕೆಯನ್ನು ಮೇಲಕ್ಕೆತ್ತುವ ರಾಕೆಟ್ಟುಗಳನ್ನು ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪೆನಿಯ ಎಂಜಿನಿಯರುಗಳಿಗೆ ಒಂದು ಅಂಜಿಕೆಯಿತ್ತು. ರಾಕೆಟ್ಟಿನ ಭಾಗಗಳು ಕೂಡುವ ಸಂದಿಯಿಂದ ಬಿಸಿ ಅನಿಲ ಹೊರಗೆ ನುಗ್ಗದಂತೆ ತಡೆಯುವ ರಬ್ಬರಿನ ಬಳೆಗಳಿದ್ದವು; ಚಳಿಯಲ್ಲಿ ಅವು ಬಿರುಸಾಗುತ್ತವೆ. ಅದುವರೆಗಿನ ಉಡಾವಣೆಗಳಲ್ಲಿ ಆ ಬಳೆಗಳು ಕಂಡಿದ್ದ ಅತಿ ಕಡಮೆ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್. ಆ ರಾತ್ರಿಯಾದರೋ ನೀರು ಹೆಪ್ಪುಗಟ್ಟುವ ಚಳಿ ಬರಲಿತ್ತು. ‘ನಾಳೆ ಹಾರಿಸಬೇಡಿ’ ಎಂದು ಅವರು ಸಲಹೆಯಿತ್ತರು.

ನಾಸಾ ಸಂಸ್ಥೆಯ ಅಧಿಕಾರಿಗಳು ಈ ಸಲಹೆಯನ್ನು ಬಲವಾಗಿ ಆಕ್ಷೇಪಿಸಿದರು. ಕಂಪೆನಿಯವರು ಬಿಡುವು ಬೇಡಿ ಅರ್ಧ ಗಂಟೆ ತಮ್ಮೊಳಗೇ ಸಮಾಲೋಚಿಸಿದರು. ಎಂಜಿನಿಯರುಗಳನ್ನು ಬದಿಗಿಟ್ಟು ನಾಲ್ವರು ಆಡಳಿತಗಾರರೇ ತೀರ್ಮಾನ ಮಾಡಿ, ‘ಹಾರಿಸಬಹುದು’ ಎಂದುಬಿಟ್ಟರು. ಬೇರೆ ಅಭಿಪ್ರಾಯವಿದ್ದವರು ಯಾರಾದರೂ ಇದ್ದಾರೆಯೇ ಎಂದು ಸಭೆಯ ಕೊನೆಯಲ್ಲಿ ಕೇಳಿದ್ದೂ ಉಂಟು. ಯಾರೂ ಮಾತನಾಡಲಿಲ್ಲ. ಮರುದಿನ ಮೇಲಕ್ಕೇರಿದ 73 ಸೆಕೆಂಡುಗಳಲ್ಲಿ ನೌಕೆ ಒಡೆದುಹೋಯಿತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಎಂಜಿನಿಯರುಗಳಲ್ಲಿ ಒಬ್ಬರಾದ ರೋಜರ್ ಬಾಯ್ಸ್‌ಜಾಲಿ ಆಮೇಲೆ ವಿಚಾರಣಾ ಆಯೋಗದ ಮುಂದೆ ಒಂದು ಮಾತು ಹೇಳಿದರು. ಎಂದಿನ ಸಭೆಗಳಲ್ಲಿ ಹಾರುವುದು ಕ್ಷೇಮವೆಂದು ಸಿದ್ಧಪಡಿಸಬೇಕಾಗುತ್ತಿತ್ತು. ಆ ರಾತ್ರಿ ಮಾತ್ರ ಕ್ಷೇಮವಲ್ಲವೆಂದು ಸಿದ್ಧಪಡಿಸಬೇಕಾಯಿತು. ಗಮನಿಸಿ, ಚರ್ಚೆಯ ವಿಷಯ ಅದೇ, ಬಳೆಗಳೂ ಅವೇ. ಪ್ರಶ್ನೆಯ ಮುಖ ತಿರುಗಿತ್ತು, ಅಷ್ಟೆ. ಮೇಲಿನವರಿಗೆ ಯಾವ ಉತ್ತರ ಬೇಕು ಎಂಬುದು ಅಷ್ಟರಲ್ಲೇ ಎಲ್ಲರಿಗೂ ತಿಳಿದುಹೋಗಿತ್ತು. ಆದ್ದರಿಂದ ಕೊನೆಯ ಪ್ರಶ್ನೆ ಮಾತಿನಲ್ಲಿ ಸರಿಯಾಗಿದ್ದರೂ ಸಮಯ ಮೀರಿ ಬಂದಿತ್ತು.

ಅದೇ ಫೆಬ್ರವರಿಯಲ್ಲಿ ಆಯೋಗದ ಸದಸ್ಯರಾದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಒಂದು ತುಂಡನ್ನು ಅದುಮಿ ಹಿಡಿದು, ಐಸು ಹಾಕಿದ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದು ಬಿಟ್ಟಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ತಣ್ಣಗಾದರೆ ರಬ್ಬರು ಏನಾಗುತ್ತದೆ? ಮಗುವೂ ಕೇಳಬಹುದಾದ ಪ್ರಶ್ನೆ. ಯಾವ ಉತ್ತರ ಬಂದರೂ ಸರಿ ಎಂದು ಸಿದ್ಧನಾಗಿ ಕೇಳಿದವನಿಗೆ ಅದು ಉತ್ತರ ಕೊಟ್ಟಿತು.

ಕೆಲಸ ಕೆಟ್ಟಾಗ ನಾವು ಕೇಳುವ ಪ್ರಶ್ನೆಯಲ್ಲೂ ಇದೇ ವಿವೇಕ ಬೇಕು. ‘ಯಾರು ಮಾಡಿದ್ದು?’ ಎಂದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಜಪಾನಿನ ಟೊಯೋಟಾ ಕಾರ್ಖಾನೆಯ ತೈಇಚಿ ಓನೊ ‘ಏಕೆ’ ಎಂದು ಐದು ಸಲ ಕೇಳುವ ಪದ್ಧತಿಯನ್ನು ಹೇಳಿಕೊಟ್ಟರು. ಅವರು ಕೊಟ್ಟ ನಿದರ್ಶನ ಹೀಗಿದೆ: ಯಂತ್ರ ಏಕೆ ನಿಂತಿತು? ಭಾರ ಹೆಚ್ಚಾಗಿ ಫ್ಯೂಸು ಹೋಯಿತು. ಭಾರ ಏಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ ಸಾಲಲಿಲ್ಲ? ಪಂಪು ಎಣ್ಣೆಯನ್ನು ಸರಿಯಾಗಿ ಎತ್ತುತ್ತಿರಲಿಲ್ಲ. ಅದೇಕೆ? ಪಂಪಿನ ದಂಡ ಸವೆದಿತ್ತು. ಏಕೆ ಸವೆಯಿತು? ಶೋಧಿಸುವ ಜರಡಿಯಿಲ್ಲದೆ ಲೋಹದ ಚೂರುಗಳು ಒಳಹೊಕ್ಕಿದ್ದವು. ‘ಯಾರು’ ಎಂದು ಕೇಳಿದ್ದರೆ ಒಬ್ಬ ಬಡಪಾಯಿಯ ಹೆಸರು ಸಿಕ್ಕುತ್ತಿತ್ತು. ಜರಡಿಯಿಲ್ಲವೆಂಬುದು ತಿಳಿಯುತ್ತಿರಲಿಲ್ಲ, ಯಂತ್ರ ಮತ್ತೊಮ್ಮೆ ನಿಲ್ಲುತ್ತಿತ್ತು.

ಇನ್ನು, ಯಾರನ್ನು ಮೊದಲು ಕೇಳಬೇಕು? ನಮ್ಮ ಸೈನ್ಯದ 1954ರ ನಿಯಮಾವಳಿಯಂತೆ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ಅತ್ಯಂತ ಕೆಳಗಿನ ದರ್ಜೆಯವರಿಂದ ಮೊದಲ್ಗೊಂಡು ಪಡೆಯುತ್ತಾರೆ. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರಿಗೆ ‘ಹೌದು’ ಎನ್ನುವುದೊಂದೇ ಉಳಿಯುತ್ತದೆ ಎಂಬುದನ್ನು ಶಿಸ್ತಿಗೆ ಹೆಸರಾದ ಸೈನ್ಯವೇ ಬಲ್ಲದು. ಹಾಗೆಯೇ, ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ತರಗತಿಗಳನ್ನು ಪರೀಕ್ಷಿಸಿದಾಗ, ಪ್ರಶ್ನೆ ಹಾಕಿದ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ನೀಳವಾದವು. ಸುಮ್ಮನಿದ್ದ ಮಕ್ಕಳೂ ಮಾತನಾಡತೊಡಗಿದರು.

ಇದಕ್ಕೆ ಪದವಿಯೂ ಬೇಡ, ಹಣವೂ ಬೇಡ. ತರಗತಿಯಲ್ಲಿ ‘ಯಾವ ಭಾಗ ಕಷ್ಟವೆನಿಸಿತು?’ ಎಂದು ಕೇಳಿ. ಕಚೇರಿಯಲ್ಲಿ ‘ಸಂಜೆಯೊಳಗೆ ಮುಗಿಯದಂತೆ ಅಡ್ಡಿಯಾಗುವುದು ಯಾವುದು?’ ಎಂದು ಕೇಳಿ. ಮನೆಯಲ್ಲಿ ಮಗಳನ್ನು ಹತ್ತಿರ ಕೂರಿಸಿಕೊಂಡು ‘ಈ ಸಂಬಂಧದಲ್ಲಿ ನಿನಗೆ ಹಿಡಿಸದ್ದು ಏನಮ್ಮ?’ ಎಂದು ಕೇಳಿ. ಆಮೇಲೆ, ಅವಳು ತಲೆಯೆತ್ತಿ ಮಾತನಾಡುವವರೆಗೆ, ದಯವಿಟ್ಟು ನೀವು ಮಾತನಾಡಬೇಡಿ.