ಕಾಡುಹಂದಿಯ ಓಡಾಟ ಮತ್ತು ಬೆಳೆ ಕಾವಲು



ಮುಸುಕಿನ ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಡಂಚಿನ ಹೊಲಗಳಲ್ಲಿ ಕಾಡುಹಂದಿಯ ಕಾಟ ಹೆಚ್ಚುತ್ತದೆ. ಹಿಂಡು ನುಗ್ಗಿದರೆ ತಿಂದದ್ದರ ಜೊತೆಗೆ ತುಳಿದು ಕೆಡವಿದ್ದೂ ನಷ್ಟವೇ. ಆದರೆ ಹಂದಿ ಸುಮ್ಮನೆ ಅಲೆಯುವುದಿಲ್ಲ. ಆಹಾರ, ನೀರು, ಮರೆ, ಬಿಸಿಲು ಇವು ಅದರ ಓಡಾಟವನ್ನು ನಿರ್ಧರಿಸುತ್ತವೆ.

ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಬಹಳ ಕಡಿಮೆ. ಆದ್ದರಿಂದ ಹಗಲಿನಲ್ಲಿ ಹಳ್ಳದ ಪೊದೆ, ಲಂಟಾನದ ಮೆಳೆ, ಕಬ್ಬಿನ ಗದ್ದೆಗಳಲ್ಲಿ ಮಲಗಿ, ಕೆಸರಿನಲ್ಲಿ ಹೊರಳಿ, ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಬೇಸಿಗೆಯಲ್ಲಿ ನೀರಿನ ಆಸರೆ ಬಿಟ್ಟು ದೂರ ಹೋಗದು. ಮಳೆ ಬಿದ್ದು ನೆಲ ಮೆತ್ತಗಾದರೆ ಗೆಡ್ಡೆ, ಎರೆಹುಳುಗಳಿಗಾಗಿ ಮೂತಿಯಿಂದ ಮಣ್ಣು ಅಗೆಯುತ್ತಾ ಸಾಗುತ್ತದೆ.

ಕಾವಲಿಗೆ ಮುನ್ನ ಹಗಲಿನಲ್ಲೇ ಹೊಲದ ಸುತ್ತ ನೋಡಬೇಕು. ಗೊರಸಿನ ಗುರುತು, ಅಗೆದ ಮಣ್ಣು, ಮೈಯುಜ್ಜಿದ ಮರದ ಬುಡದಲ್ಲಿ ಕೆಸರು ಕಂಡರೆ ಅದೇ ದಾರಿ. ಕೆಸರು ಹಸಿಯಾಗಿದ್ದರೆ ಹಂದಿ ಈಚೆಗಷ್ಟೇ ಹಾದುಹೋಗಿದೆ ಎಂದರ್ಥ. ಅಟ್ಟಣೆಯನ್ನು ಆ ದಾರಿಯ ಬದಿಗೆ ಹಾಕಿ, ತಮಟೆ, ದೀಪಗಳಿಂದ ಬೆದರಿಸಬೇಕು. ಹಂದಿಯ ಕಣ್ಣು ಮಂದ, ಮೂಗು ಚುರುಕು. ಮನುಷ್ಯರ ವಾಸನೆ ಹತ್ತಿದರೆ ಮತ್ತೊಂದು ಬದಿಯಿಂದ ನುಗ್ಗಬಹುದು. ಹೀಗಾಗಿ ನೆರೆಹೊರೆಯವರು ಕೂಡಿ ಸರದಿಯಲ್ಲಿ ಎಲ್ಲ ಬದಿಯನ್ನೂ ಕಾಯುವುದು ಲೇಸು. ತೆನೆ ಹಾಲಾಗುವ ಮೊದಲೇ ಕಾವಲು ಆರಂಭವಾಗಲಿ.

ಒಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧ. ಬೇಲಿಗೆ ಮನೆಯ ಕರೆಂಟು ಹರಿಸುವುದಂತೂ ಬೇಡವೇ ಬೇಡ. ಹಂದಿಗೆಂದು ಕಟ್ಟಿದ ತಂತಿ ಮನೆಯವರನ್ನೇ, ಕಟ್ಟಿದ ದನವನ್ನೇ ಬಲಿ ತೆಗೆದುಕೊಂಡೀತು. ಬೆಳೆ ಹಾಳಾದರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿರಿ.