ವಂಶದ ಬೇರು ಮತ್ತು ಜ್ಞಾನಸ್ನಾನದ ಪುಸ್ತಕ

(ಧರ್ಮಕೇಂದ್ರದ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ಈ ದೇವಾಲಯದ ಅಂಗಳದಲ್ಲಿ ನಿಂತು, ನಮ್ಮ ಪೂರ್ವಜರನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಗುರುಗಳು ನಮಗೆ ಅಪ್ಪಣೆ ಮಾಡಿದ್ದಾರೆ. ಈ ಮಾತು ಇಂದು ಸಕಾಲಿಕವೂ ಆಗಿದೆ. ಏಕೆಂದರೆ ನಮ್ಮ ತರುಣರು ಅಂಗೈಯಲ್ಲಿನ ಮೊಬೈಲನ್ನು ಹಿಡಿದು, "ನಮ್ಮ ಮೂಲ ಯಾವುದು? ನಮ್ಮ ಮುತ್ತಜ್ಜನ ಅಪ್ಪ ಯಾರು?" ಎಂದು ಕೇಳತೊಡಗಿದ್ದಾರೆ. ಹೊರದೇಶಗಳಿಗೆ ಹೋದವರು ತಮ್ಮ ಎಂಜಲನ್ನು ಒಂದು ನಳಿಕೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿ, ಡಿ.ಎನ್.ಎ. ಪರೀಕ್ಷೆಯ ಮೂಲಕ ಬಂಧುಗಳನ್ನು ಹುಡುಕುತ್ತಿದ್ದಾರೆ.

ಈ ಹಂಬಲ ನಮ್ಮ ಸೀಮೆಗೆ ಹೊಸದೇನಲ್ಲ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಊರಿಗೆ ಬರುತ್ತಿದ್ದ ಹೆಳವರನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು, ಅಣ್ಣತಮ್ಮಂದಿರು, ಕವಲೊಡೆದ ಶಾಖೆಗಳು ಎಲ್ಲವನ್ನೂ ಅವರು ಸರಾಗವಾಗಿ ಹೇಳಿ, ಕಾಳುಕಡಿ, ಬಟ್ಟೆಬರೆಗಳನ್ನು ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. ಆದರೆ ನಮ್ಮ ಮನೆಯ ಮುಂದೆ ಹೆಳವನು ನಿಂತದ್ದನ್ನು ನಾವು ಬಾಲ್ಯದಲ್ಲಿ ಕಂಡದ್ದಿಲ್ಲ. ಪಕ್ಕದ ಮನೆಯವರ ಏಳು ತಲೆಮಾರುಗಳ ಹೆಸರನ್ನು ಕೇಳಿ ಬಂದು, "ನಮ್ಮ ಹೆಸರುಗಳನ್ನು ಯಾರು ಬರೆದಿಟ್ಟಿದ್ದಾರೆ?" ಎಂದು ತಾಯಿಯವರನ್ನು ಕೇಳಿದಾಗ, ಅವರು ದೇವಾಲಯದ ಕಡೆಗೆ ಕೈತೋರಿದ್ದುಂಟು.

ಅವರು ತೋರಿದ್ದು ಜ್ಞಾನಸ್ನಾನದ ಪುಸ್ತಕವನ್ನು. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ತ್ರೆಂತ್ ಮಹಾಸಭೆಯು 1563ರಲ್ಲಿ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯು, ಪ್ರತಿಯೊಂದು ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಿರಬೇಕೆಂದೂ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದೂ ಹೇಳುತ್ತದೆ. ಮಗುವಿನ ಹೆಸರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಸ್ನಾನವಿತ್ತ ಗುರುಗಳು, ಹುಟ್ಟಿದ ಸ್ಥಳ ಮತ್ತು ದಿನ ಇವೆಲ್ಲವೂ ಅದರಲ್ಲಿರುತ್ತವೆ. ಆ ಮಗು ಬೆಳೆದು ದೃಢೀಕರಣ ಪಡೆದರೆ, ಮದುವೆಯಾದರೆ, ಅದನ್ನೂ ಅದೇ ಸಾಲಿನ ಅಂಚಿನಲ್ಲಿ ಬರೆಯಲಾಗುತ್ತದೆ. ಬೇರೆ ಊರಿನಲ್ಲಿ ಮದುವೆಯಾದರೂ ಅಲ್ಲಿನ ಗುರುಗಳು ಇಲ್ಲಿಗೆ ತಿಳಿಸಬೇಕು. ಹೀಗೆ ಬಡವನೊಬ್ಬನ ಇಡೀ ಬಾಳು ಎರಡು ಗೆರೆಗಳಲ್ಲಿ ಅಡಗಿರುತ್ತದೆ.

ಮೊಬೈಲಿನಲ್ಲಿ ಹುಡುಕುವ ತರುಣರಿಗೆ ಒಂದು ಕಿವಿಮಾತು. ಫ್ಯಾಮಿಲಿಸರ್ಚ್, ಆನ್ಸೆಸ್ಟ್ರಿ, ಮೈಹೆರಿಟೇಜ್ ಮೊದಲಾದ ಸೇವೆಗಳಲ್ಲಿ ಕೋಟ್ಯಂತರ ಹೆಸರುಗಳಿವೆ. ಫೈಂಡ್‌ಮೈಪಾಸ್ಟ್ ಎಂಬುದರಲ್ಲಿ ಬ್ರಿಟಿಷರ ಇಂಡಿಯಾ ಆಫೀಸಿನ ಜ್ಞಾನಸ್ನಾನ, ವಿವಾಹಗಳ ದಾಖಲೆಗಳೂ ಇವೆ. ಆದರೆ ಅವು ಬಹುಮಟ್ಟಿಗೆ ಯುರೋಪಿಯನ್ ಕುಟುಂಬಗಳವು. ರಾಣೇಬೆನ್ನೂರು ಸೀಮೆಯ ಒಕ್ಕಲಿನ ಮನೆಯ ಹೆಸರು ಅಲ್ಲಿ ಸಿಕ್ಕೀತೆಂಬ ಭರವಸೆ ಬೇಡ. ಹೆಸರುಗಳ ತೊಡಕೂ ಉಂಟು. ಮನೆಯಲ್ಲಿ ರಾಯಪ್ಪ ಎಂದು ಕರೆಸಿಕೊಂಡವರು ಲ್ಯಾಟಿನ್ ಬರೆಹದಲ್ಲಿ ಪೇತ್ರುಸ್ ಆಗಿರುತ್ತಾರೆ; ಚಿನ್ನಪ್ಪನವರು ಪೌಲುಸ್, ಇನ್ನಾಸಪ್ಪನವರು ಇಗ್ನಾತಿಯುಸ್. ಮನೆಯ ಹಿರಿಯರ ನೆನಪಿನ ಸಹಾಯವಿಲ್ಲದೆ ಯಾವ ಯಂತ್ರವೂ ಇವರಿಬ್ಬರೂ ಒಬ್ಬರೇ ಎಂದು ಹೇಳಲಾರದು. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಫ್ಯಾಮಿಲಿಸರ್ಚ್ ಸೇವೆಯನ್ನು ನಡೆಸುವ ಅಮೆರಿಕದ ಪಂಥವು ಗತಿಸಿದವರ ಹೆಸರಿನಲ್ಲಿ ತನ್ನ ಸ್ನಾನವಿಧಿಯನ್ನು ನಡೆಸುವುದರಿಂದ, ಧರ್ಮಕೇಂದ್ರಗಳ ಪುಸ್ತಕಗಳ ಪ್ರತಿ ತೆಗೆಯಲು ಅದಕ್ಕೆ ಅವಕಾಶ ಕೊಡಬಾರದೆಂದು ರೋಮಿನಿಂದ 2008ರ ಏಪ್ರಿಲಿನಲ್ಲಿ ಧರ್ಮಾಧ್ಯಕ್ಷರುಗಳಿಗೆ ಸೂಚನೆ ಬಂದಿತು.

ಇನ್ನು ಡಿ.ಎನ್.ಎ. ಪರೀಕ್ಷೆಯ ವಿಚಾರ. ಪ್ರತಿಯೊಬ್ಬರೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ವಂಶವಾಹಿಯನ್ನು ಪಡೆಯುತ್ತೇವೆ. ಅಜ್ಜನಿಂದ ಬರುವುದು ಸುಮಾರು ಕಾಲು ಭಾಗ. ಮುತ್ತಜ್ಜನಿಂದ ಅದರ ಅರ್ಧ. ಏಳೆಂಟು ತಲೆಮಾರುಗಳಾಚೆಯ ಒಬ್ಬ ಪೂರ್ವಜರಿಂದ ನಮ್ಮಲ್ಲಿ ಏನೂ ಉಳಿಯದೇ ಇರಬಹುದು. ಅಣ್ಣತಮ್ಮಂದಿರ ಮಕ್ಕಳು ಪರಸ್ಪರ ಸುಮಾರು ಶೇಕಡಾ 12ರಷ್ಟು, ಅವರ ಮಕ್ಕಳು ಶೇಕಡಾ 3ರಷ್ಟು ಹಂಚಿಕೊಂಡಿರುತ್ತಾರೆ. ಸಮೀಪದ ನಂಟನ್ನು ಪರೀಕ್ಷೆಯು ಚೆನ್ನಾಗಿ ಗುರುತಿಸುತ್ತದೆ. ಆದರೆ ತಲತಲಾಂತರದಿಂದ ಕೆಲವೇ ಊರುಗಳೊಳಗೆ ಕೊಟ್ಟು ತಂದುಕೊಂಡ ನಮ್ಮಂಥ ಜನರಲ್ಲಿ, ದೂರದ ಬಂಧುವೂ ಹತ್ತಿರದವನಂತೆ ತೋರುವುದುಂಟು.

ಈ ಪರೀಕ್ಷೆ ನಮ್ಮ ಮನೆಯ ಬಾಗಿಲನ್ನೂ ತಟ್ಟಿತು. ನಮ್ಮ ತಾಯಿಯವರ ಜ್ಞಾನಸ್ನಾನದ ಸಾಲಿನಲ್ಲಿ ತಂದೆತಾಯಿಗಳ ಹೆಸರಿಲ್ಲ. 'ತಂದೆತಾಯಿಗಳು ಅಜ್ಞಾತ' ಎಂಬ ಲ್ಯಾಟಿನ್ ಮಾತಿದೆ. ಅದರ ಮುಂದೆ ಜ್ಞಾನತಾಯಿಯ ಹೆಸರಿದೆ. ಆ ವಿಧವೆಯೇ ಅವರನ್ನು ಸಾಕಿ ಬೆಳೆಸಿದರು. ನಾವು ಅವರನ್ನೇ ಅಜ್ಜಿ ಎಂದು ಕರೆದೆವು. ತಾಯಿಯವರು ತೀರಿಕೊಂಡ ಮೇಲೆ, ಹೊರದೇಶದಲ್ಲಿರುವ ನಮ್ಮ ತಮ್ಮನ ಮಗನು ಪರೀಕ್ಷೆ ಮಾಡಿಸಿದನು. ಕುಟುಂಬದಲ್ಲಿ ಯಾವ ಕಾಯಿಲೆ ಇತ್ತೆಂದು ವೈದ್ಯರು ಕೇಳಿದಾಗ ಅವನಲ್ಲಿ ಉತ್ತರವಿರಲಿಲ್ಲ. ಆದುದರಿಂದ ಅವನ ಹುಡುಕಾಟಕ್ಕೆ ನ್ಯಾಯವಾದ ಕಾರಣವಿತ್ತು. ಸುಮಾರು ಶೇಕಡಾ 3ರಷ್ಟು ಹೊಂದುವ ಒಬ್ಬ ಅಪರಿಚಿತನ ಹೆಸರು ಬಂದಿತು. ಆತನ ಅಜ್ಜನ ಊರು ಬ್ಯಾಡಗಿ ಕಡೆಯದು.

"ದೊಡ್ಡಪ್ಪಾ, ಎರಡೂ ಮನೆಯವರ ಹೆಸರು ಸೇರಿಸಿ ವಂಶವೃಕ್ಷ ಬರೆದು ಎಲ್ಲರಿಗೂ ಕಾಣುವಂತೆ ಹಾಕಲೇ?" ಎಂದು ಅವನು ಕೇಳಿದನು. ನಾವು ಒಡಹುಟ್ಟಿದವರೆಲ್ಲ ಪಡಸಾಲೆಯಲ್ಲಿ ಕುಳಿತು ಆಲೋಚಿಸಿದೆವು. ಬಚ್ಚಿಟ್ಟ ದುಃಖವೊಂದು ಆ ಇನ್ನೊಂದು ಮನೆಯಲ್ಲಿ ಇದ್ದಿರಬಹುದು. ಅದನ್ನು ಬಲ್ಲ ವೃದ್ಧರು ಇನ್ನೂ ಬದುಕಿರಬಹುದು. ಆಗ ನಮ್ಮ ಅಕ್ಕನವರು, "ಅವ್ವನ್ನ ಎತ್ತಿಕೊಂಡು ಬಂದಾಕಿ ಹೆಸರು ಅದರಾಗ ಬರದೈತಲ್ಲ, ಅಕೀನ ನಮ್ಮ ಅಜ್ಜಿ. ಉಳಿದದ್ದು ಅವರು ಹೇಳಿದರ ಕೇಳೂಣು," ಎಂದರು. ಅದರಂತೆ ಹುಡುಗನು ಯಾವುದನ್ನೂ ಪ್ರಕಟಿಸದೆ, ಆ ವ್ಯಕ್ತಿಗೆ ಮಾತ್ರ ಖಾಸಗಿಯಾಗಿ ನಾಲ್ಕು ಸಾಲು ಬರೆದನು. ಎರಡು ತಿಂಗಳಾದ ಮೇಲೆ ಉತ್ತರ ಬಂದಿತು. ಕುಟುಂಬದ ಕಾಯಿಲೆಗಳ ವಿವರವನ್ನು ಆತನು ಸೌಜನ್ಯದಿಂದ ತಿಳಿಸಿದ್ದನು. ಹಿರಿಯರ ಮುಂದೆ ಈ ಮಾತನ್ನೆತ್ತಲು ತನಗೆ ಮನಸ್ಸಿಲ್ಲವೆಂದೂ ಬರೆದಿದ್ದನು. ಪತ್ರವ್ಯವಹಾರ ಅಲ್ಲಿಗೇ ನಿಂತಿದೆ. ನಮ್ಮ ಮನಸ್ಸಿನಲ್ಲಿ ಕುತೂಹಲ ಉಳಿದಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಆದರೂ ನಾವು ಮಾಡಿದ್ದು ಸರಿಯೆಂದೇ ನಮ್ಮ ನಂಬುಗೆ.

ಧರ್ಮಸಭೆಯ ಕಾನೂನಿನಲ್ಲಿಯೂ ಇದೇ ಎಚ್ಚರಿಕೆ ಇದೆ. 877ನೆಯ ವಿಧಿಯ ಪ್ರಕಾರ ಅವಿವಾಹಿತ ತಾಯಿಯ ಹೆಸರನ್ನು ಬರೆಯಬೇಕಾದರೆ ಆಕೆಯ ತಾಯ್ತನವು ಬಹಿರಂಗವಾಗಿ ತಿಳಿದಿರಬೇಕು, ಇಲ್ಲವೆ ಆಕೆಯೇ ಬರವಣಿಗೆಯಲ್ಲಿಯೋ ಇಬ್ಬರು ಸಾಕ್ಷಿಗಳ ಮುಂದೆಯೋ ಕೇಳಿಕೊಳ್ಳಬೇಕು. ಸತ್ಯವನ್ನು ದಾಖಲಿಸುವ ಪುಸ್ತಕವೇ ಮಾನವನ್ನೂ ಕಾಯುತ್ತದೆ. ಎಂಜಲಿನ ನಳಿಕೆಗೆ ಈ ವಿವೇಕವಿಲ್ಲ. ಅದನ್ನು ಕಳುಹಿಸುವವರೇ ವಿವೇಕಿಗಳಾಗಬೇಕು. ನಾವು ಕೊಡುವ ಎಂಜಲಿನಲ್ಲಿ ನಮ್ಮ ಒಡಹುಟ್ಟಿದವರ, ಮಕ್ಕಳ ಗುಟ್ಟೂ ಇರುತ್ತದೆ. ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರಗಳು ಕಳ್ಳರ ಪಾಲಾದವು; 2025ರಲ್ಲಿ ಆ ಕಂಪನಿಯೇ ದಿವಾಳಿಯ ಅರ್ಜಿ ಹಾಕಿ, ಬಳಿಕ ಕೈಬದಲಾಯಿತು.

ಮತ್ತೊಂದು ಅಪಾಯವನ್ನೂ ಹೇಳದೆ ಇರಲಾರೆವು. ಗೋವಾ, ಕುಮಟಾ, ಮಂಗಳೂರಿನ ರೋಮನ್ ಕಥೋಲಿಕರ ವಂಶವಾಹಿಗಳನ್ನು ಹೈದರಾಬಾದಿನ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳು ಇತರರೊಡನೆ ಸೇರಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು; ಅವರಲ್ಲಿ ಬಹುಪಾಲು ಜನರು ಗೌಡ ಸಾರಸ್ವತರಿಗೆ ಸಮೀಪವೆಂದು ಕಂಡುಬಂದಿತು. ಚರಿತ್ರೆಯ ದೃಷ್ಟಿಯಿಂದ ಇದು ಬೆಲೆಯುಳ್ಳ ಅರಿವು. ಆದರೆ ಇಂಥದನ್ನೋದಿ ಒಬ್ಬನು ಎದೆಯುಬ್ಬಿಸಿ, ಇನ್ನೊಬ್ಬನು ತಲೆತಗ್ಗಿಸಿ, ಪೂಜೆಯ ಪಂಕ್ತಿಯಲ್ಲಿ ಮತ್ತೆ ಜಾತಿಯ ಗೆರೆ ಎಳೆಯುವಂತಾದರೆ, ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರವನ್ನು ನಾವು ಓದಿಯೂ ಓದದಂತಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು ಮನೆಯ ವೃದ್ಧರ ಬಳಿ ಕುಳಿತು ಅವರ ನೆನಪುಗಳನ್ನು ಬರೆದಿಟ್ಟುಕೊಳ್ಳೋಣ. ಗುರುಗಳ ಅನುಮತಿ ಪಡೆದು ನಮ್ಮ ಮನೆಯ ಸಾಲುಗಳನ್ನು ನೋಡೋಣ. ಪರರ ಸಾಲುಗಳತ್ತ ಕಣ್ಣು ಹಾಯಿಸುವುದು ಬೇಡ. ಪುಸ್ತಕಗಳನ್ನು ಗೆದ್ದಲು, ತೇವಗಳಿಂದ ಕಾಪಾಡಲು ಗಟ್ಟಿಯಾದ ಉಕ್ಕಿನ ಕಪಾಟೊಂದನ್ನು ಶತಮಾನೋತ್ಸವದ ಕಾಣಿಕೆಯಾಗಿ ಒಪ್ಪಿಸೋಣ. ಡಿ.ಎನ್.ಎ. ಪರೀಕ್ಷೆಗೆ ಮನಸ್ಸಾದವರು ಮೊದಲು ಮನೆಯವರನ್ನು ಕೇಳಲಿ.

ಪ್ರಿಯ ಬಂಧುಗಳೇ, ಸಂತ ಮತ್ತಾಯರು ಶುಭಸಂದೇಶವನ್ನು ವಂಶಾವಳಿಯಿಂದಲೇ ಆರಂಭಿಸಿದ್ದಾರೆ. ಹದಿನಾಲ್ಕು ಹದಿನಾಲ್ಕರಂತೆ ಮೂರು ಸಾಲು ತಲೆಮಾರುಗಳು. ಅದರಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಮೋವಾಬಿನ ರೂತಳಿದ್ದಾಳೆ, ಯಾರನ್ನೂ ಮುಚ್ಚಿಟ್ಟಿಲ್ಲ. ಆ ಸಾಲು ಬಂದು ನಿಲ್ಲುವುದು ಸಂತ ಜೋಸೆಫರಲ್ಲಿ. ಯೇಸುಸ್ವಾಮಿಗೆ ರಕ್ತದಿಂದ ತಂದೆಯಲ್ಲದಿದ್ದರೂ ಹೆಸರಿಟ್ಟು, ಕೈಹಿಡಿದು, ಸಾಕಿದವರು ಅವರು. ನಮ್ಮ ತಾಯಿಯವರ ಸಾಲಿನಲ್ಲಿ ಬರೆದಿರುವ ಆ ಒಂದು ಹೆಸರನ್ನು ನೋಡಿದಾಗಲೆಲ್ಲ ನಮಗೆ ಜೋಸೆಫರ ನೆನಪಾಗುತ್ತದೆ. ಇಂತಹ ಎಷ್ಟೋ ಜ್ಞಾನತಂದೆಯರು, ಜ್ಞಾನತಾಯಂದಿರು ಈ ನೂರು ವರ್ಷಗಳಲ್ಲಿ ನಮ್ಮನ್ನು ಎತ್ತಿಕೊಂಡು ಬಂದಿದ್ದಾರೆ. ಅವರೆಲ್ಲರ ಆತ್ಮಗಳಿಗೆ ದೇವರು ನಿತ್ಯಶಾಂತಿಯನ್ನು ದಯಪಾಲಿಸಲಿ ಎಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.