ದೂರದಿಂದ ನೋಡಿದ ಹೂವು

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಹವ್ಯಾಸದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ದೊಡ್ಡ ಛಾಯಾಗ್ರಾಹಕನಲ್ಲ. ಪಾಠ ಹೇಳಿ ನಿವೃತ್ತನಾದವನು. ದಟ್ಟಗಳ್ಳಿಯ ನಮ್ಮ ಮನೆಯ ಸುತ್ತ ಮಳೆಗಾಲದಲ್ಲಿ ಅರಳುವ ಕಾಡುಹೂಗಳ ಚಿತ್ರ ತೆಗೆಯುವುದು ನನ್ನ ಅಭ್ಯಾಸ. ಅದರಲ್ಲಿ ಕಲಿತ ಒಂದೆರಡು ವಿಷಯಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಖಾಲಿ ಸೈಟು ಇತ್ತು. ಅದರ ಬೇಲಿಗೆ ಹಬ್ಬಿಕೊಂಡು ಗೌರಿ ಹೂವಿನ ಬಳ್ಳಿ ಬೆಳೆದಿತ್ತು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಬೆಂಕಿಯ ನಾಲಗೆಯಂತೆ ಮೇಲಕ್ಕೆ ಮಡಚಿದ ಎಸಳು. ನನ್ನ ಹತ್ತಿರ ಆಗ ಕ್ಯಾಮೆರಾ ಜೊತೆಗೆ ಬಂದಿದ್ದ ಚಿಕ್ಕ ಲೆನ್ಸು ಮಾತ್ರ ಇತ್ತು. ಹೂವು ದೊಡ್ಡದಾಗಿ ಕಾಣಬೇಕೆಂದು ಪೊದೆಯೊಳಗೆ ನುಗ್ಗಿದೆ. ಚಿತ್ರ ಬಂತು. ಹಿಂದಕ್ಕೆ ತಿರುಗಿದರೆ ಇನ್ನೂ ಮೊಗ್ಗಿದ್ದ ಎರಡು ಬಳ್ಳಿಗಳು ನನ್ನ ಚಪ್ಪಲಿಯ ಕೆಳಗೆ ಮುರಿದು ಬಿದ್ದಿದ್ದವು. ಅಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, "ನಮ್ ಮೇಕೆಗಳೇ ಅದ್ನ ಮುಟ್ಟಾಕಿಲ್ಲ, ನೀವು ಹೋಗಿ ತುಳ್ದ್ಬುಟ್ರಲ್ಲ ಮೇಷ್ಟ್ರೇ" ಅಂದರು. ಆ ಗಿಡದ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಮೇಕೆಗೆ ಗೊತ್ತಿದ್ದದ್ದು ಮೇಷ್ಟ್ರಿಗೆ ಗೊತ್ತಿರಲಿಲ್ಲ!

ಆ ಮಾತು ಮನಸ್ಸಿಗೆ ನಾಟಿತು. ದುಡ್ಡು ಕೂಡಿಸಿ 70-300 ಮಿಲಿಮೀಟರಿನ ಹಳೆಯ ಟೆಲಿಫೋಟೋ ಲೆನ್ಸ್ ಕೊಂಡೆ. ಟೆಲಿಫೋಟೋ ಎಂದರೆ ಹುಲಿಗೆ, ಹಕ್ಕಿಗೆ ಎಂದು ಎಲ್ಲರ ಭಾವನೆ. ಹೂವು ಓಡಿಹೋಗುವುದಿಲ್ಲವಲ್ಲ, ಅದಕ್ಕೇಕೆ ದೂರದ ಲೆನ್ಸು ಎಂದು ನೀವು ಕೇಳಬಹುದು. ಹೂವು ಓಡುವುದಿಲ್ಲ, ನಿಜ. ಆದ್ದರಿಂದಲೇ ನಮ್ಮ ಕಾಲಿನಿಂದ ತಪ್ಪಿಸಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ದಾರಿಯಲ್ಲೇ ನಿಂತು, ಬೇಲಿಯ ಈಚೆಯಿಂದ, ಕೆರೆಯ ಏರಿಯ ಮೇಲಿನಿಂದ ಚಿತ್ರ ತೆಗೆಯಲು ಈ ಲೆನ್ಸ್ ಬೇಕು. ಹೂವಿನ ಮೇಲೆ ಕುಳಿತ ಚಿಟ್ಟೆಯೂ ಹಾರಿಹೋಗುವುದಿಲ್ಲ.

ಇನ್ನು ಕೆಲಸದ ವಿಷಯ. ಪ್ರತಿ ಲೆನ್ಸಿಗೂ ಇಷ್ಟಕ್ಕಿಂತ ಹತ್ತಿರ ಬಂದರೆ ಚಿತ್ರ ಸ್ಪಷ್ಟವಾಗದು ಎಂಬ ಮಿತಿ ಇರುತ್ತದೆ. ಇಂಥ ಲೆನ್ಸುಗಳಲ್ಲಿ ಅದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರು. ವಿಷ್ಣುಕಾಂತಿಯಂಥ ಪುಟ್ಟ ಹೂವಿಗೆ ಇದು ಸಾಲದು. ಆಗ ಲೆನ್ಸು ಮತ್ತು ಕ್ಯಾಮೆರಾ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಬಳೆ ಹಾಕಿದರೆ ಇನ್ನಷ್ಟು ಹತ್ತಿರ ಹೋಗಬಹುದು. ಅದರಲ್ಲಿ ಗಾಜು ಇರುವುದಿಲ್ಲ, ಬೆಲೆಯೂ ಕಡಿಮೆ.

ಉದ್ದದ ಲೆನ್ಸಿನಲ್ಲಿ ಕೈಯ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. 300 ಮಿಲಿಮೀಟರಿನಲ್ಲಿ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೆ 500ನೇ ಒಂದು ಭಾಗ ಇರಲಿ. ಲೆನ್ಸಿನಲ್ಲಿರುವ ನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈಯನ್ನು ಮಾತ್ರ ತಡೆಯುತ್ತದೆ, ಗಾಳಿಯನ್ನಲ್ಲ. ಟ್ರೈಪಾಡ್ ಇಲ್ಲದವರು ಬಟ್ಟೆ ಚೀಲದಲ್ಲಿ ಅಕ್ಕಿ ತುಂಬಿ ಕಲ್ಲಿನ ಮೇಲಿಟ್ಟುಕೊಳ್ಳಿ. ನಾನು ಇಂದಿಗೂ ಅದನ್ನೇ ಮಾಡುತ್ತೇನೆ.

ಹಿನ್ನೆಲೆಯನ್ನು ನೋಡಲು ಮರೆಯಬೇಡಿ. ಈ ಲೆನ್ಸಿನ ನೋಟ ಕಿರಿದು. ನೀವು ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಹೂವಿನ ಹಿಂದಿದ್ದ ಪ್ಲಾಸ್ಟಿಕ್ ಕವರು ಹೋಗಿ ಹಸಿರು ಬರುತ್ತದೆ. ಬಿಳಿ ತುಂಬೆ ಹೂವು ತೆಗೆಯುವಾಗ ಬೆಳಕಿನ ಪ್ರಮಾಣ ಸ್ವಲ್ಪ ಇಳಿಸಿ; ಇಲ್ಲದಿದ್ದರೆ ಸುತ್ತಲಿನ ಕಡು ಹಸಿರನ್ನು ನೋಡಿ ಕ್ಯಾಮೆರಾ ಮೋಸಹೋಗುತ್ತದೆ, ಹೂವು ಸುಣ್ಣ ಬಳಿದಂತಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ಕನ್ನೆ ಸೊಪ್ಪಿನ ನೀಲಿ ಹೂವು ಮಧ್ಯಾಹ್ನದ ಹೊತ್ತಿಗೆ ಬಾಡಿರುತ್ತದೆ.

ಕ್ಯಾಮೆರಾ ಇಲ್ಲವೆಂದು ಕೊರಗಬೇಡಿ. ಈಗ ಅನೇಕ ಫೋನುಗಳಲ್ಲೇ ಟೆಲಿ ಲೆನ್ಸ್ ಇದೆ. ಆದರೆ ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಝೂಮ್ ಬೇರೆ. ಅದು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ.

ಎಲ್ಲಿಗೆ ಹೋಗಬೇಕು? ದಟ್ಟಗಳ್ಳಿಯವರಿಗೆ ಲಿಂಗಾಂಬುಧಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿಯ ನೆನಪಿಗಾಗಿ ಕಟ್ಟಿಸಿದ ಕೆರೆ ಅದು. ಆದರೆ ಅಲ್ಲಿಗೇ ಹೋಗಬೇಕೆಂದಿಲ್ಲ. ತುಂಬೆ, ಉತ್ತರಾಣಿ, ಎಕ್ಕ, ತಂಗಡಿ, ಮುಟ್ಟಿದರೆ ಮುನಿ, ನೆಗ್ಗಿಲು - ಇವೆಲ್ಲ ನಮ್ಮ ಬೀದಿಯ ಖಾಲಿ ಸೈಟಿನ ನಿವಾಸಿಗಳೇ.

ವಿದ್ಯಾರ್ಥಿಗಳೆ, ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾನು ತುಳಿದ ಆ ಗೌರಿ ಹೂವು ಮರುವರ್ಷ ಮತ್ತೆ ಬಂತು. ಗೆಡ್ಡೆ ನೆಲದೊಳಗೆ ಕ್ಷೇಮವಾಗಿತ್ತು; ಮಳೆ ಬಿದ್ದ ಮೇಲೆ ಹೊಸ ಬಳ್ಳಿ ಮೇಲೆದ್ದಿತು. ಮೂರು ಮಳೆಗಾಲ ರಸ್ತೆಯಲ್ಲೇ ನಿಂತು ಅದರ ಚಿತ್ರ ತೆಗೆದೆ. ನಾಲ್ಕನೆಯ ವರ್ಷ ಸೈಟಿನವರು ಮನೆ ಕಟ್ಟಲು ಜೆಸಿಬಿ ತಂದು ಪಾಯ ತೋಡಿದರು. ಅವರ ಜಾಗ, ಅವರ ಮನೆ, ನಾನು ದೂರುವುದಿಲ್ಲ. ನಾನು ಇರುವ ಮನೆಯ ಕೆಳಗೂ ಯಾವ ಹೂವಿತ್ತೋ! ಆದರೆ ಮುಂಚೆಯೇ ಒಂದು ಮಾತು ಕೇಳಿದ್ದರೆ ಗೆಡ್ಡೆಯನ್ನು ಬೇರೆಡೆ ನೆಡಬಹುದಿತ್ತು. ನಾನು ಚಿತ್ರ ತೆಗೆದೆ, ಕೇಳಲಿಲ್ಲ. ಚಿತ್ರ ಗಿಡಕ್ಕೆ ಬದಲಿಯಲ್ಲ ಎಂಬುದು ಅಂದು ತಿಳಿಯಿತು.

ಆದರೂ ಚಿತ್ರ ವ್ಯರ್ಥವಲ್ಲ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಯಾವ ಹಕ್ಕಿ, ಎಲ್ಲಿ, ಯಾವ ದಿನ ಎಂಬ ಬರಹವೇ ಅಂಥ ಸಮೀಕ್ಷೆಯ ಜೀವಾಳ. ಹೂವಿಗೂ ಇದೇ ಮಾತು. 1976ರಲ್ಲಿ ಸಲ್ಡಾನಾ ಮತ್ತು ನಿಕಲ್ಸನ್ ಅವರು ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಗ್ರಂಥವನ್ನೇ ಹೊರತಂದರು. ನಿಮ್ಮಿಂದ ಗ್ರಂಥ ಬೇಡ. ಚಿತ್ರದ ಜೊತೆ ದಿನಾಂಕ, ಸ್ಥಳ ಬರೆದಿಡಿ. ಹೂವಿನ ಜೊತೆಗೆ ಎಲೆ ಮತ್ತು ಇಡೀ ಗಿಡದ ಚಿತ್ರವೂ ಇರಲಿ, ಹೆಸರು ಗುರುತಿಸಲು ಸುಲಭವಾಗುತ್ತದೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ, ದಾಖಲೆಯೂ ಉಳಿಯುತ್ತದೆ.

ಈ ವರ್ಷ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಒಂದೇ ಒಂದು ಖಾಲಿ ಸೈಟನ್ನು ಆರಿಸಿಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ ರಸ್ತೆಯಲ್ಲೇ ನಿಂತು ನೋಡಿ. ಮೊದಲು ಅರಳಿದ್ದು ಯಾವುದು, ಕೊನೆಗೆ ಬಾಡಿದ್ದು ಯಾವುದು, ಬರೆಯಿರಿ. ಅಲ್ಲಿ ಪಾಯ ತೋಡುವ ಸುದ್ದಿ ಬಂದರೆ ಮಾಲೀಕರ ಮನೆಗೆ ಹೋಗಿ ಮರ್ಯಾದೆಯಿಂದ ಕೇಳಿ: "ಆ ಗಿಡ ನಾವು ತೆಗೆದುಕೊಂಡು ಹೋಗಬಹುದೇ?" ಗೌರಿ ಹೂವಾದರೆ ಕೈಗವಸು ಹಾಕಿ, ದೊಡ್ಡವರ ಜೊತೆಯಲ್ಲೇ ತೆಗೆಯಿರಿ. ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನಿಮ್ಮಲ್ಲಿ ಒಬ್ಬರಾದರೂ ಕೇಳಿದರೆ, ಇವತ್ತು ಇಲ್ಲಿಗೆ ಬಂದು ಮಾತನಾಡಿದ್ದು ಸಾರ್ಥಕ.